ಹಗುರಾದ ಕರಿಪುಡಿ

ಅಬ್ಬಿಗೇರಿಯ ಅಂದಾನೆಪ್ಪ ಮಾಸ್ತರರು ವರ್ಷಗಟ್ಟಲೆ ವಿಜ್ಞಾನ ಕಲಿಸಿದ್ದರು. ಆದರೆ ಒಂದು ದಿನವೂ ಮಕ್ಕಳ ಮುಂದೆ ದೀಪ ಹಚ್ಚಿ ಗಾಜಿನ ನಳಿಕೆ ಕಾಸಿದವರಲ್ಲ. ಆಮ್ಲಜನಕದ ಪಾಠ ಬಂದರೆ ಗಟ್ಟಿ ದನಿಯಲ್ಲಿ ಓದುವುದು, ಹಲಗೆಯ ಮೇಲೆ ಅಂದವಾಗಿ ಚಿತ್ರ ತೆಗೆಯುವುದು, "ಲಗೂನ ಬರಕೊಳ್ರಿ" ಎನ್ನುವುದು. ಯಾರಾದರೂ ಕೇಳಿದರೆ, ಸಾಲಿಯಲ್ಲಿ ಸಾಮಾನಿಲ್ಲ ಎನ್ನುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ಎಲ್ಲಿ ಸಾಮಾನು ಬಂದುಬಿಡುತ್ತದೋ ಎಂಬ ಹೆದರಿಕೆ ಅವರೊಬ್ಬರಿಗೇ ಗೊತ್ತಿತ್ತು.

ಶಿಕ್ಷಕರ ತರಬೇತಿಯಲ್ಲಿದ್ದಾಗ ಅವರ ಪಕ್ಕದಲ್ಲೇ ನಿಂತಿದ್ದ ಗ್ಯಾನಪ್ಪ ಎಂಬ ಗೆಳೆಯನ ಕೈಯಲ್ಲಿ ಗಾಜಿನ ಬುರುಡೆಯೊಂದು ಸಿಡಿದಿತ್ತು. ಅಂಥ ದೊಡ್ಡ ಸಪ್ಪಳವೇನೂ ಆಗಲಿಲ್ಲ. ಗ್ಯಾನಪ್ಪ ಮುಖ ಮುಚ್ಚಿಕೊಂಡು ಮೆಲ್ಲಗೆ ಕೆಳಗೆ ಕೂತ, ಬೆರಳ ಸಂದಿಯಿಂದ ರಕ್ತ ಇಳಿಯಿತು, ಅಷ್ಟೆ. ಎಡಗಣ್ಣು ಹೋಯಿತು. ಅಂದಿನಿಂದ ಮಾಸ್ತರರಿಗೆ ಕಂದೀಲಿನ ಗಾಜು ಒರೆಸುವಾಗಲೂ ಮುಖ ಆಚೆ ತಿರುಗಿಸುವ ರೂಢಿಯಾಗಿತ್ತು.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಎರಡನೆಯ ಬೇಸಿಗೆ. ಸೂಟಿಯಲ್ಲಿ ತಾಲೂಕಿನ ವಿಜ್ಞಾನ ಶಿಕ್ಷಕರೆಲ್ಲ ರೋಣಕ್ಕೆ ಬಂದು ಶಿಬಿರದಲ್ಲಿ ಕಲಿಯಬೇಕೆಂದು ಹುಕುಂ ಬಂತು. ಕಲಿಸಲು ಧಾರವಾಡದಿಂದ ಗುರುಸಂಗಪ್ಪನವರು ಬಂದಿದ್ದರು. ಮೊದಲ ದಿನವೇ ಅವರು ಹೇಳಿಬಿಟ್ಟರು: "ಇಲ್ಲಿ ಯಾರೂ ಬರಕೊಳ್ಳೂದಿಲ್ಲ. ಪ್ರತಿಯೊಬ್ಬರೂ ತಮ್ಮ ಕೈಲೆ ಮಾಡಿ ತೋರಸಬೇಕು."

ಮಾಸ್ತರರು ಬರಕೊಳ್ಳಲೆಂದು ತೆರೆದಿದ್ದ ವಹಿಯನ್ನು ಮೆಲ್ಲಗೆ ಮುಚ್ಚಿದರು.

ಅವರ ಜೋಡಿಗೆ ಬಂದವರು ಗಜೇಂದ್ರಗಡದ ಹೆಣ್ಣುಮಕ್ಕಳ ಸಾಲಿಯ ಕಳಕವ್ವ ಅಕ್ಕೋರು. ವಯಸ್ಸು ಚಿಕ್ಕದು, ಧೈರ್ಯ ದೊಡ್ಡದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ಹಚ್ಚಿದಷ್ಟೇ ಸಲೀಸಾಗಿ ಸ್ಪಿರಿಟ್ ದೀಪ ಹಚ್ಚುತ್ತಿದ್ದರು. ಕಾಂತ, ಮಸೂರ, ಸಾಬೂನಿನ ನೀರು ಎಂದು ಮೊದಲ ದಿನಗಳು ಹೇಗೋ ಕಳೆದವು. ಬೆಂಕಿ ಬಂದಾಗಲೆಲ್ಲ ಮಾಸ್ತರರು ನೀರು ತರುವ ನೆವದಿಂದ ಹೊರಗೆ ಹೋಗುತ್ತಿದ್ದರು. ಅಕ್ಕೋರು ಅದನ್ನು ಗಮನಿಸಿದ್ದರು. "ಮಾಸ್ತರ್ರ, ಅಂಜಬ್ಯಾಡ್ರಿ, ಅದೇನ ಕಚ್ಚೂದಿಲ್ಲ" ಎಂದು ನಗುತ್ತಿದ್ದರು. ಮಾಸ್ತರರೂ ನಗುತ್ತಿದ್ದರು, ಅಂಗೈ ಬೆವರನ್ನು ಧೋತರಕ್ಕೆ ಒರೆಸುತ್ತ.

ಆಮ್ಲಜನಕದ ದಿನ ಬಂದೇ ಬಂತು. ಬಿಳಿ ಹರಳಿನ ಕ್ಲೋರೇಟಿಗೆ ಮ್ಯಾಂಗನೀಸಿನ ಕರಿಪುಡಿ ಬೆರೆಸಿ ಕಾಸಬೇಕು. ಮೊದಲಿನ ಜೋಡಿಗಳದ್ದೆಲ್ಲ ಸುಸೂತ್ರವಾಗಿ ಮುಗಿಯಿತು. ಗಾಳಿಗೆ ದೀಪ ಆರೀತೆಂದು ಕಿಟಕಿ ಮುಚ್ಚಿದ್ದರಿಂದ ತಗಡಿನ ಮಾಡಿನ ಕೆಳಗೆ ಕೋಣೆ ಕಾದ ಹಂಚಾಗಿತ್ತು. ಇವರ ಪಾಳಿ ಬರುವಷ್ಟರಲ್ಲಿ ಡಬ್ಬಿಯಲ್ಲಿದ್ದ ಕರಿಪುಡಿ ತೀರಿತು. ಗುರುಸಂಗಪ್ಪನವರು ಪೇಟೆಯಿಂದ ಬಂದ ಗಂಟು ಬಿಚ್ಚಿ ಹೊಸ ಪೊಟ್ಟಣ ಕೊಟ್ಟರು.

ಪುಡಿ ತೂಗುವ ಕೆಲಸ ಮಾಸ್ತರರದು. ಅಳತೆಗೆಂದು ಚಮಚದಲ್ಲಿ ತೆಗೆದರು. ತಕ್ಕಡಿಯ ತಟ್ಟೆ ಕೆಳಗಿಳಿಯಲಿಲ್ಲ. ಇನ್ನೊಂದು ಚಮಚ ಹಾಕಿದರು. ಬೆಳಿಗ್ಗೆ ಮೊದಲಿನವರಿಗೆ ತೂಗಿಕೊಟ್ಟ ಪುಡಿ ಒಂದೇ ಚಮಚಕ್ಕೆ ತಟ್ಟೆ ಕೆಳಗೆ ತಂದಿತ್ತು. ಇದು ಉಸಿರು ಬಿಟ್ಟರೆ ಹಾರುವಂತಿತ್ತು. ಇದು ಬೇರೆ ಪುಡಿಯೇ? ಅಥವಾ ತಪ್ಪಿಸಿಕೊಳ್ಳಲು ತನ್ನ ಅಂಜಿಕೆ ಹೂಡಿದ ಹೊಸ ನೆವವೇ? ಎಷ್ಟೋ ವರ್ಷದಿಂದ ಎಲ್ಲದಕ್ಕೂ ಅಂಜಿದ ಮನುಷ್ಯ. ಈ ಅಂಜಿಕೆ ಖರೆಯೋ ಸುಳ್ಳೋ ಎಂದು ಹೇಗೆ ತಿಳಿಯಬೇಕು?

ಅವರು ಹೀಗೆ ತಡವರಿಸುತ್ತಿರುವಾಗಲೇ ಅಕ್ಕೋರು ಪುಡಿ ಬೆರೆಸಿ, ನಳಿಕೆಗೆ ತುಂಬಿ, ಬೂಚು ಬಿಗಿದು, ಮೇಜಿನ ಮೇಲಿನ ಕಬ್ಬಿಣದ ಕಂಬಕ್ಕೆ ಸಿಕ್ಕಿಸಿಯಾಗಿತ್ತು. ದೀಪ ಹಚ್ಚಿ ನಳಿಕೆಯ ಕೆಳಗೆ ಸರಿಸಲು ಬಗ್ಗಿದರು. ಅವರ ಮುಖ ಗಾಜಿಗೆ ಗೇಣು ದೂರದಲ್ಲಿತ್ತು.

"ತಡೀರಿ!"

ಮಾಸ್ತರರ ದನಿ ಒಡೆದು ಹೆಣ್ಣುದನಿಯಂತೆ ಬಂತು. ಕೋಣೆಯೆಲ್ಲ ತಿರುಗಿ ನೋಡಿತು.

"ಮತ್ತ ಅಂಜಿದ್ರೇನು, ಮಾಸ್ತರ್ರ?" ಎಂದು ಅಕ್ಕೋರು ನಕ್ಕರು. ದೀಪವನ್ನು ಸರಿಸಿಯೇ ಬಿಟ್ಟರು.

ಮಾಸ್ತರರಿಗೆ ಮುಂದೇನು ಮಾಡಿದೆನೆಂಬ ಎಚ್ಚರವಿರಲಿಲ್ಲ. ಬರಿಗೈಯಿಂದ ದೀಪದ ಉರಿಯನ್ನೇ ಒತ್ತಿ ಮುಚ್ಚಿದರು. ಬತ್ತಿ ಚುರ್ ಎಂದು ಆರಿತು. ಅಂಗೈ ಸುಟ್ಟಿತು.

ಗುರುಸಂಗಪ್ಪನವರು ಸಿಟ್ಟಿನಿಂದ ಬಂದರು. "ಏನ್ರಿ ಇದು, ಸಣ್ಣ ಹುಡುಗರ ಹಂಗ?"

"ಪುಡಿ ಹಗುರ ಐತ್ರಿ, ಸಾಹೇಬ್ರ." ಮಾಸ್ತರರು ಪೊಟ್ಟಣ ಮುಂದೆ ಹಿಡಿದರು. "ನಂದ ತಪ್ಪ ಇರಬಹುದ್ರಿ. ನಾ ಅಂಜೂ ಮನಶಾನ ಹೌದು. ಆದ್ರ ಪುಡಿ ಮಾತ್ರ ಹಗುರ ಐತಿ. ನೀವ ತೂಗಿ ನೋಡ್ರಿ."

ಗುರುಸಂಗಪ್ಪನವರು ಪೊಟ್ಟಣವನ್ನು ಅಂಗೈಯಲ್ಲಿಟ್ಟು ತೂಗಿದರು. ಅವರ ಮುಖದ ಸಿಟ್ಟು ಹೋಗಿ ಬೇರೇನೋ ಬಂತು. ನಳಿಕೆಯ ಬೂಚು ಬಿಚ್ಚಿ, ಆ ಬೆರಕೆಯ ಒಂದು ಚಿಟಿಕೆಯನ್ನು ತಗಡಿನ ಮುಚ್ಚಳಕ್ಕೆ ಸುರಿದರು. ಅದನ್ನು ಹೊರಗೆ ಒಯ್ದು, ಉದ್ದನೆಯ ಕೋಲಿನ ತುದಿಗೆ ಬೆಂಕಿ ಹಚ್ಚಿ ಮುಟ್ಟಿಸಿದರು.

ಬುಸ್ ಎಂದು ಉರಿ ಎದ್ದಿತು. ಮೇ ತಿಂಗಳ ಬಿಸಿಲಿನಲ್ಲೂ ಕಣ್ಣು ಕುಕ್ಕುವಂಥ ನೇರಳೆ ಉರಿ. ಮುಚ್ಚಳ ಜಿಗಿದು ಹುಡಿಯಲ್ಲಿ ಬಿತ್ತು.

"ಇದ್ದಲಿ ಪುಡಿ," ಎಂದರು ಗುರುಸಂಗಪ್ಪನವರು. ಅವರ ತುಟಿ ಬೆಳ್ಳಗಾಗಿತ್ತು. "ಅಂಗಡ್ಯಾವ ಪೊಟ್ಟಣ ಅದಲಬದಲ ಮಾಡ್ಯಾನ. ನಾ ನೋಡಿಕೊಳ್ಳಲಿಲ್ಲ. ಒಂದ ಚಿಟಿಕಿ ಇಷ್ಟಾದ್ರ, ತುಂಬಿದ ನಳಿಕಿ, ಮ್ಯಾಲೆ ಬೂಚು..."

ಕಳಕವ್ವ ಅಕ್ಕೋರು ಗೋಡೆ ಹಿಡಿದು ಕೂತುಬಿಟ್ಟರು. ಕೈಯಿಂದ ತಮ್ಮ ಕಣ್ಣು ಮುಟ್ಟಿ ಮುಟ್ಟಿ ನೋಡಿಕೊಂಡರು.

ಸರಿಯಾದ ಪುಡಿ ಗಂಟಿನ ತಳದಲ್ಲಿ ಸಿಕ್ಕಿತು. ಗುರುಸಂಗಪ್ಪನವರು ಅದನ್ನು ತಾವೇ ತೂಗಿ, ಚಿಟಿಕೆ ಕಾಸಿ ಪರೀಕ್ಷಿಸಿ, ಹೊಸ ನಳಿಕೆಗೆ ತುಂಬಿ ಕೊಟ್ಟರು. ಅಕ್ಕೋರು ಕಡ್ಡಿಪೆಟ್ಟಿಗೆ ಎತ್ತಿಕೊಂಡರು. ಒಂದು ಕಡ್ಡಿ ಮುರಿಯಿತು, ಇನ್ನೊಂದು ಜಾರಿತು.

"ನನ್ನ ಕೈಲೆ ಆಗೂದಿಲ್ರಿ," ಎಂದರು, ಮೆಲ್ಲಗೆ. "ಅಂಜಿಕಿ ಬರಾಕತ್ತೈತಿ. ಇದು ಹೋದಮ್ಯಾಲ ಮಾಡ್ತೀನಿ."

ಮಾಸ್ತರರು ಎಣ್ಣೆ ಸವರಿದ ಅಂಗೈ ನೋಡಿಕೊಂಡರು. ಅವರ ಎದೆಯೂ ಡವಗುಡುತ್ತಲೇ ಇತ್ತು.

"ನಾ ಕಾದ ನೋಡೇನ್ರಿ ಅಕ್ಕೋರ, ಅದು ಹೋಗೂದಿಲ್ಲ. ಕೊಡ್ರಿ ಇಲ್ಲೆ," ಎಂದು ಎಡಗೈ ಚಾಚಿದರು.

ಕಡ್ಡಿ ಗೀರಿದರು. ದೀಪ ಹತ್ತಿತು. ಉರಿಯನ್ನು ನಳಿಕೆಯ ಕೆಳಗೆ ಸರಿಸುವಾಗ ಮುಖ ತಾನಾಗಿ ಆಚೆ ತಿರುಗಿತು. ಕತ್ತನ್ನು ಬಲವಂತದಿಂದ ಮತ್ತೆ ಈಚೆ ತಂದರು. ಗಾಜು ಮಬ್ಬಾಯಿತು. ಹರಳು ಕರಗಿತು. ಮಾಸ್ತರರು ಉಸಿರು ಹಿಡಿದು, ಇನ್ನೇನು ಸಿಡಿಯಿತು, ಇನ್ನೇನು ಸಿಡಿಯಿತು ಎಂದು ನಿಂತರು. ಬೂಚಿನಿಂದ ಹೊರಟ ಸಣ್ಣ ಕೊಳವೆಯ ತುದಿಯಿಂದ, ನೀರಿನಲ್ಲಿ ಬೋರಲಿಟ್ಟ ಜಾಡಿಯೊಳಗೆ ಒಂದು ಗುಳ್ಳೆ ಎದ್ದಿತು. ಆಮೇಲೆ ಸಾಲಾಗಿ ಎದ್ದವು.

ಜಾಡಿ ತುಂಬಿದ ಮೇಲೆ ಕೊಳವೆಯನ್ನು ನೀರಿನಿಂದೆತ್ತಿ, ದೀಪ ಸರಿಸಿದರು. ಆರಿಸಿದ ಕಡ್ಡಿಯ ಕೆಂಡದ ತುದಿಯನ್ನು ಜಾಡಿಯೊಳಗೆ ಇಳಿಸಿದರು. ಅದು ಫಕ್ಕನೆ ಹತ್ತಿಕೊಂಡು ಬೆಳ್ಳಗೆ ಉರಿಯಿತು. ಮಾಸ್ತರರು ಬೆಚ್ಚಿ ಹಿಂದೆ ಜಿಗಿದು ಗುರುಸಂಗಪ್ಪನವರ ಕಾಲು ತುಳಿದರು. ಯಾರೂ ನಗಲಿಲ್ಲ.

ಅಕ್ಕೋರು ಎದ್ದು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಜಾಡಿಗೆ ನೀರು ತುಂಬತೊಡಗಿದರು.