ಶಹರ್ಬಾನು ಚಾಚಿದ ಕೈ

ಯಲಹಂಕದ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವರ ಕೈಗೆ ಒಂದು ವಾಸನೆ ಅಂಟಿರುತ್ತದೆ. ಬಿಸಿನೀರಲ್ಲಿ ಸತ್ತ ಹುಳುವಿನ ನಾತ ಅದು. ಸೋಪಿಗೂ ಬಗ್ಗದು, ಸೀಗೆಪುಡಿಗೂ ಬಗ್ಗದು. ಹತ್ತು ವರ್ಷದಿಂದ ಶಹರ್ಬಾನು ಆ ನಾತ ಹೊತ್ತೇ ಬಸ್ಸು ಹತ್ತುತ್ತಿದ್ದಳು. ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋದರೆ, ಹೋಗಲಿ ಬಿಡು, ಕಿಟಕಿ ಸಿಕ್ಕಿತು ಎಂದು ಸರಿದು ಕೂರುತ್ತಿದ್ದಳು.

ಆದರೆ ಹೋದ ತಿಂಗಳು ನಡೆದದ್ದನ್ನು ಹಾಗೆ ನುಂಗಿಕೊಳ್ಳಲು ಆಗಲಿಲ್ಲ. ಉಂಗುರ ತೊಡಿಸಲು ಬಂದ ಗಂಡಿನ ತಾಯಿ ಅವಳ ಕೈ ಹಿಡಿದು, ಬಗ್ಗಿ, ತಟ್ಟನೆ ಬಿಟ್ಟುಬಿಟ್ಟರು. ಉಂಗುರ ಮತ್ತೆ ಚೀಲ ಸೇರಿತು. ಅಯ್ಯೋ, ಆ ಮಹಾತಾಯಿ ಉಟ್ಟು ಬಂದದ್ದೂ ರೇಷ್ಮೆ ಸೀರೆಯನ್ನೇ! ಅಂದಿನಿಂದ ಬಾನುವಿಗೆ ಒಂದೇ ಆಸೆ. ಯಾರಾದರೂ ಮೂಗು ಮುರಿಯದೆ ಒಂದು ಗಳಿಗೆ ತನ್ನ ಕೈ ಹಿಡಿಯಬೇಕು. ಜೊತೆಗೆ ನೂಲು ಬಿಚ್ಚುವ ರತ್ನಕ್ಕ, ಚಂದ್ರವ್ವ ಹಿಡಿಯುತ್ತಿದ್ದರು, ನಿಜ. ಆದರೆ ಅವರ ಕೈಗೂ ಅದೇ ನಾತ.

ಸುದ್ದಿ ತಂದವಳು ರತ್ನಕ್ಕ. "ಹೆಬ್ಬಾಳದ ಪ್ರದರ್ಶನದಲ್ಲಿ ದೊಡ್ಡ ಹಾಲ್ ಒಳಗೆ ಬಲೆ ಕಟ್ಟಿ ಚಿಟ್ಟೆ ಬಿಟ್ಟವ್ರಂತೆ ಕಣ್ರೇ. ಕೈ ಚಾಚಿ ನಿಂತ್ರೆ ಬಂದು ಕೂತ್ಕೊಳ್ತವಂತೆ!"

ಭಾನುವಾರ ಅರ್ಧ ದಿನ ಕೆಲಸವಿತ್ತು. ಬಾನು ರಜೆ ಹಾಕಿ, ಬೆಳಿಗ್ಗೆಯೆಲ್ಲ ನಿಂಬೆಹಣ್ಣು, ಬೂದಿ, ಸೋಪು ಹಾಕಿ ಕೈ ಉಜ್ಜಿದಳು. ಚರ್ಮ ಕೆಂಪಾದ ಮೇಲೆ ಅಣ್ಣನ ಅತ್ತರನ್ನೂ ಬಳಿದಳು. ಉಳಿದಿಬ್ಬರು ಶೆಡ್ಡಿನಿಂದ ನೇರವಾಗಿ ಬಂದರು.

ಬಲೆಯ ಒಳಗೆ ಸೆಕೆಯೋ ಸೆಕೆ. ಕುಂಡದ ಗಿಡಗಳ ತುಂಬ ಚಿಟ್ಟೆ. ಒಂದು ಸರದಿಗೆ ಐದೇ ನಿಮಿಷ ಎಂದ ಕಾವಲುಗಾರ. ಬಾನು ಉಸಿರು ಬಿಗಿಹಿಡಿದು ಕೈ ಚಾಚಿದಳು. ಒಂದು ಹಳದಿ ಚಿಟ್ಟೆ ಹತ್ತಿರ ಬಂತು, ತಿರುಗಿ ಹೋಯಿತು. ಅತ್ತ ರತ್ನಕ್ಕನ ಬೆರಳಿಗೆ ಒಂದು, ಚಂದ್ರವ್ವನ ಅಂಗೈಗೆ ಎರಡು!

"ಬೆವರು, ಕೊಳೆತ ವಾಸನೆ ಅಂದ್ರೆ ಕೆಲವಕ್ಕೆ ಪ್ರಾಣ ಕಣಮ್ಮ," ಎಂದ ಕಾವಲುಗಾರ. "ಅತ್ತರು ಹಾಕ್ಕೊಂಡು ಬಂದ್ರೆ ಹತ್ರ ಬರಲ್ಲ."

ಬಾನು ಕೈ ಇಳಿಸಿ ಕಣ್ಣೊರೆಸಿಕೊಂಡಳು. "ಇವಕ್ಕೂ ನಾನು ಬೇಡ ನೋಡು ರತ್ನಕ್ಕ."

"ಹುಚ್ಚಿ, ಅಷ್ಟು ಯಾಕೆ ಉಜ್ಜಿದ್ಯೇ?" ಎಂದು ಗದರಿದಳು ರತ್ನಕ್ಕ. ಹಾವೇರಿ ಕಡೆಯ ಚಂದ್ರವ್ವ ಗದರಲಿಲ್ಲ. "ಅಳಬ್ಯಾಡವಾ, ಕೈ ಕೊಡಿಲ್ಲೆ," ಎಂದು, ಬೆಳಿಗ್ಗೆಯೆಲ್ಲ ಶೆಡ್ಡಿನಲ್ಲಿ ಕೈ ಒರೆಸಿಕೊಂಡಿದ್ದ ತನ್ನ ಒದ್ದೆ ಸೆರಗಿನಿಂದ ಬಾನುವಿನ ಕೈಯನ್ನು ಚೆನ್ನಾಗಿ ತಿಕ್ಕಿದಳು. ಅತ್ತರು ಅಡಗಿ, ಆ ಹಳೆಯ ನಾತ ಮೇಲೆದ್ದಿತು. ಬಾನು ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೇ ಕೈ ಚಾಚಿದಳು.

ಬೆರಳ ಗೆಣ್ಣಿನ ಮೇಲೆ ಏನೋ ಕೂತಿತು. ಕಣ್ಣು ಬಿಟ್ಟರೆ ಒಂದು ಕಪ್ಪು ಚಿಟ್ಟೆ, ರೆಕ್ಕೆಯಂಚಿನಲ್ಲಿ ನೀಲಿ. ಅದು ಉದ್ದನೆಯ ನಾಲಗೆ ಬಿಚ್ಚಿ ಅವಳ ಚರ್ಮ ಹೀರತೊಡಗಿತ್ತು. ಕಚಗುಳಿಯಾದರೂ ಅವಳು ಅಲುಗಲಿಲ್ಲ.

ಕಾವಲುಗಾರ ಗಂಟೆ ಬಾರಿಸಿದ. "ಟೈಮಾಯ್ತು, ನಡೀರಿ ನಡೀರಿ."

"ಇನ್ನೊಂದು ನಿಮಿಷ ಸಾರ್," ಎಂದಳು ಬಾನು. "ನನ್ ಕೈಯನ್ನ ಇಷ್ಟು ಹೊತ್ತು ಯಾರೂ ಹಿಡ್ದಿಲ್ಲ."

ಅವನು ಅವಳ ಮುಖ ನೋಡಿ, ಸರದಿಯಲ್ಲಿದ್ದವರಿಗೆ ಸ್ವಲ್ಪ ನಿಲ್ಲಿ ಎಂದ. ಅಷ್ಟರಲ್ಲಿ ಚಿಟ್ಟೆ ಹಾರಿಹೋಗಿತ್ತು. ಬಾನು ಕೈ ಇಳಿಸಲಿಲ್ಲ.