ಹೊಲಿಗೆ ಮಿಷನ್ ಪೆಟ್ಟಿಗೆಯೊಳಗಿನ ಸ್ಟುಡಿಯೊ

ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಟೋಕನ್ ಕೂಗುತ್ತಿದ್ದವಳನ್ನು ಎಲ್ಲರೂ ಟೋಕನ್ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ಮಂಡಿ ನೋವಿನವರಿಗೆ ವಯಸ್ಸಿನ ಲೆಕ್ಕ ಯಾಕೆ ಹೇಳಿ, ನಂಬರು ಬಂದರೆ ಸಾಕು.

ಕೆಲಸ ಸುಲಭದ್ದೇ. ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಗುಂಡಿ ಒತ್ತಿ, "ಟೋಕನ್ ಮೂವತ್ತೇಳು, ಎರಡನೇ ಕೊಠಡಿ, ನಿಧಾನಕ್ಕೆ ಬನ್ನಿ" ಅನ್ನಬೇಕು. ಕೊನೆಯ ಎರಡು ಮಾತು ಅವಳದ್ದೇ ಸೇರ್ಪಡೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಒಬ್ಬ ತನ್ನ ನಂಬರು ಕೇಳಿದ್ದೇ ದಡಬಡ ಎದ್ದು, ಜಾರಿ ಬಿದ್ದು, ಸರಿಯಿದ್ದ ಕಾಲನ್ನೂ ಮುರಿದುಕೊಂಡಿದ್ದ. ಅವತ್ತಿನಿಂದ ಅವಳು ಯಾವ ನಂಬರನ್ನೂ ಬಾಲವಿಲ್ಲದೆ ಕೂಗಿದವಳಲ್ಲ.

ಒಂದು ಮಂಗಳವಾರ ಸೂಪರಿಂಟೆಂಡೆಂಟ್ ಸಾಹೇಬರು ಕರೆಸಿದರು. ಮೇಜಿನ ಮೇಲೆ ಬಿಳಿ ಡಬ್ಬಿಯೊಂದಿತ್ತು.

"ನೋಡಿಯಮ್ಮ, ಮುಂದಿನ ವಾರದಿಂದ ಟೋಕನ್ ಕೂಗೋದು ಇದು. ನಿಮ್ಮನ್ನ ಕೆಳಗಡೆ ಕಡತದ ಕೋಣೆಗೆ ಹಾಕ್ತೀವಿ. ಸಂಬಳ ಅದೇ."

"ದನಿ ಯಾರದು ಸಾರ್?"

"ಕಂಪನಿಯವರದ್ದೇ ಒಂದು ದನಿ ಇದೆ." ಸಾಹೇಬರು ಗುಂಡಿ ಒತ್ತಿದರು. ಡಬ್ಬಿಯೊಳಗಿನ ಹುಡುಗಿ ಟೋಕನ್ ಒಂದು ಅಂದಳು. ಹಲ್ಲು ಕೀಳಿಸಿಕೊಳ್ಳೋಕೆ ಬಂದವರಿಗೆ ಸೀರೆ ಮಾರುವಷ್ಟು ನಗು ಆ ದನಿಯಲ್ಲಿತ್ತು. "ನಿಮ್ಮದೇ ಬೇಕಾದ್ರೆ ಒಂದರಿಂದ ಇನ್ನೂರರವರೆಗೆ ರೆಕಾರ್ಡ್ ಮಾಡಿ ಸೋಮವಾರ ಕೊಡಿ. ಗದ್ದಲ ಇರಬಾರದು. ಬರೀ ನಂಬರು, ಬರೀ ಕೊಠಡಿ. ಆ ನಿಧಾನಕ್ಕೆ ಬನ್ನಿ ಬೇಡ. ಕಂಪನಿ ನಿಯಮ."

ಹೊರಗೆ ಬಂದವಳು ಲೆಕ್ಕ ಹಾಕಿದಳು. ಸಂಬಳ ಅದೇ, ಕುರ್ಚಿ ಅದೇ, ಪಿಂಚಣಿಯೂ ಅದೇ. ಆದರೂ ನಾಳೆ ಮೇಲಿನ ಹಾಲಿನಲ್ಲಿ ಇನ್ನೊಬ್ಬಳು ನಗುತ್ತಾ ಕೂಗುವಾಗ ತಾನು ಕೆಳಗೆ ಕಡತದ ಧೂಳು ಕೊಡವುತ್ತಾ ಅದನ್ನು ಕೇಳಿಸಿಕೊಳ್ಳಬೇಕು. ಹತ್ತೊಂಬತ್ತು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ತನ್ನ ದನಿ ಮೇಲೆ ಉಳಿಯಬೇಕು, ಅಷ್ಟೇ ಅವಳಿಗೆ ಬೇಕಿದ್ದದ್ದು.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಬಂದವನಿಗೆ ಮಾತು ಕಡಿಮೆ.

"ನಾನೇ ಮನೇಲಿ ಒಂದು ಸ್ಟುಡಿಯೊ ಮಾಡ್ತೀನಿ ರೀ."

"ಮಾಡು" ಅಂದ.

"ಎಲ್ಲಿ ಮಾಡ್ತೀಯೇ?" ಅತ್ತೆ ಮಂಚದಿಂದಲೇ ಕೇಳಿದರು. "ಇರೋದು ಎರಡೂವರೆ ಕೋಣೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ದನಿ ಇದ್ದವಳಿಗೆ ಸ್ಟುಡಿಯೊ ಯಾಕೆ?"

ಅತ್ತೆಗೆ ಎಂಬತ್ತೊಂದು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಮನಸ್ಸು ಬಂದಾಗ ಕೇಳುತ್ತಿತ್ತು. ಬೈಗುಳ ಎರಡರಲ್ಲೂ ಕೇಳುತ್ತಿತ್ತು ಅನ್ನೋದು ಸೊಸೆಯ ಅನುಮಾನ. ಮದುವೆಯಾಗಿ ಮೂವತ್ತೊಂದು ವರ್ಷವಾಗಿತ್ತು. ಅತ್ತೆ ಬಾಯಿಂದ ಒಂದು 'ಪರವಾಗಿಲ್ಲ' ಬಂದಿದ್ದು ಅವಳಿಗೆ ನೆನಪಿಲ್ಲ. ಮಂಡಿಗೆ ಔಷಧಿ ತಗೊಳ್ಳೋಕೆ ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದು, ಹಾಲಿನಲ್ಲಿ ಗಂಟೆಗಟ್ಟಲೆ ಕೂತು, ಮನೆಗೆ ಬಂದಮೇಲೆ "ಏನು ಕೂಗ್ತೀಯೋ, ಒಂದೂ ಕೇಳಲ್ಲ" ಅನ್ನುತ್ತಿದ್ದರು.

ಬುಧವಾರ ಸಾಮಾನು ಬೇಟೆ ಶುರುವಾಯಿತು. ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಮೊದಲು ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವ ಸೌಂಡ್ ಸರ್ವಿಸಿನವನ ಗೋಡೌನಿಗೆ ಹೋದಳು. ಅವನು ಮೂಲೆಯಿಂದ ತೆಂಗಿನಕಾಯಿ ಗಾತ್ರದ ಬಟ್ಟೆಗಂಟು ತಂದು ಬಿಚ್ಚಿದ. ಒಳಗೆ ದಪ್ಪನೆ ಮೈಕು.

"ಅಕ್ಕಾ, ಇದು ಮುಚ್ಚಿಹೋದ ಡಬ್ಬಿಂಗ್ ಕೋಣೆಯ ಮೈಕು. ಗದ್ದಲದಲ್ಲಿ ನನಗೆ ಉಪಯೋಗ ಇಲ್ಲ, ಇರುವೆ ನಡೆದ್ರೂ ಎಳ್ಕೊಳ್ಳುತ್ತೆ. ತಲೆಗೆ ಮಾತಾಡಬೇಡಿ, ಪಕ್ಕಕ್ಕೆ ಮಾತಾಡಿ. ಗೊತ್ತಾಯ್ತಾ?"

"ಗೊತ್ತಾಯ್ತು" ಅಂದಳು. ಯಾವ ಪಕ್ಕ ಅಂತ ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ.

ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸಲು ನಡುವೆ ಒಂದು ಪುಟ್ಟ ಡಬ್ಬಿ ಬೇಕಂತೆ. ಅದು ಸಂಗೀತದ ಮೇಷ್ಟ್ರ ಮನೆಯಲ್ಲಿ ಸಿಕ್ಕಿತು. "ಎರಡು ತೂತಿದೆಯಮ್ಮ, ಎಡಗಡೆಯದು ಸತ್ತಿದೆ. ಬಲಗಡೆಯದು ಚೆನ್ನಾಗಿದೆ" ಅಂದರು ಮೇಷ್ಟ್ರು. ನಮ್ಮತ್ತೆ ಹಾಗೇ ಅಂದುಕೊಂಡು ತಗೊಂಡಳು. ಲ್ಯಾಪ್‌ಟಾಪು ಅಣ್ಣನ ಮಗಳದ್ದು, ಮೂರು ಅಕ್ಷರದ ಕೀಲಿಗಳು ಉದುರಿದ್ದವು. ಇವಳೇನು ಕಾದಂಬರಿ ಬರೀಬೇಕಿತ್ತೇ? ಹೆಡ್‌ಫೋನೂ ಅವಳದ್ದೇ, ಕಿವಿಯ ಮೆತ್ತೆ ಪುಡಿಪುಡಿಯಾಗಿತ್ತು. ಗಂಡನ ಹಳೇ ಸಾಕ್ಸು ಕತ್ತರಿಸಿ ಹೊಸ ಮೆತ್ತೆ ಹೊಲಿಯೋಕೆ ಕೂತಳು. ಮೈಕು ನಿಲ್ಲಿಸೋಕೆ ಆಸ್ಪತ್ರೆಯ ಗುಜರಿಯಿಂದ ಗ್ಲೂಕೋಸ್ ಬಾಟಲಿ ನೇತುಹಾಕುವ ಕಂಬವೊಂದನ್ನು, ವಾಪಸು ಕೊಡ್ತೀನಿ ಅಂತ ಬರೆದುಕೊಟ್ಟು ತಂದಳು. ಚಕ್ರ ನಾಲ್ಕರಲ್ಲಿ ಮೂರಿದ್ದವು.

ಕಂಬವೊಂದನ್ನು ಬಿಟ್ಟು ಎಲ್ಲವೂ ಹೊಲಿಗೆ ಮಿಷನ್ನಿನ ಹಳೇ ಮರದ ಪೆಟ್ಟಿಗೆಯಲ್ಲಿ ಕೂತವು. ಹಿಡಿ ಹಿಡಿದು ಎತ್ತಿದರೆ ಸ್ಟುಡಿಯೊ ಕೈಗೆ ಬರುತ್ತಿತ್ತು. ಬರಲೇಬೇಕಿತ್ತು, ಯಾಕೆಂದರೆ ಆ ಮನೆಯಲ್ಲಿ ಯಾವ ಜಾಗವೂ ಸುಮ್ಮನಿರಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್ ಅಂತು. ಹಾಲಿನಲ್ಲಿ ಬೀದಿಯೇ ಬಂದು ಕೂತಿತ್ತು. ಬಚ್ಚಲಲ್ಲಿ ಟೋಕನ್ ಒಂದು ಅಂದರೆ ಗೋಡೆಗಳು ಇನ್ನೂ ಮೂರು ಸಲ ಟೋಕನ್ ಒಂದು ಅಂದವು. ಶುಕ್ರವಾರ ಇಡೀ ದಿನ ರಜೆ ಹಾಕಿ, ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಕುಂಟುವ ಕಂಬ ಹಿಡಿದು ಅವಳು ಮನೆಯೊಳಗೇ ಊರೂರು ಸುತ್ತಿದಳು.

"ಬೆಕ್ಕು ಮರಿ ಹೊತ್ಕೊಂಡು ತಿರುಗಿದ ಹಾಗೆ ತಿರುಗ್ತಿದ್ದೀಯಲ್ಲೇ" ಅಂದರು ಅತ್ತೆ. "ಇಲ್ಲೇ ಮಾಡು. ನನ್ನ ಕೋಣೇಲಿ ನೊಣವೂ ಹಾರಲ್ಲ."

ನಿಜವೇ. ಅತ್ತೆಯ ಕೋಣೆ ಹಿಂದುಗಡೆ, ಕಿಟಕಿ ಪಕ್ಕದ ಮನೆಯ ಗೋಡೆ ಕಡೆಗೆ. ಬಟ್ಟೆ ತುಂಬಿದ ದೊಡ್ಡ ಬೀರು. ಬೀರುವಿನ ಬಾಗಿಲು ತೆಗೆದು, ಎರಡೂ ಬಾಗಿಲ ಮೇಲೆ ಕಂಬಳಿ ಹೊದೆಸಿ, ಬಟ್ಟೆಗೆ ಬೆನ್ನು ಕೊಟ್ಟು ಮಣೆ ಮೇಲೆ ಕೂತರೆ ದನಿ ಹತ್ತಿಯೊಳಗೆ ಬಿದ್ದ ಹಾಗೆ ಮೆತ್ತಗಾಗುತ್ತಿತ್ತು. ಮುಂದೆ ಮೈಕು, ಅದರಾಚೆ ಅತ್ತೆಯ ಮಂಚ. ಅತ್ತೆ ಕದಲಲ್ಲ ಅಂದರು. "ನನ್ನ ಮಂಚ, ನನ್ನ ಕೋಣೆ. ನಾನು ಉಸಿರೂ ಬಿಡಲ್ಲ, ನೀನು ಕೂಗು."

ಎಡವಟ್ಟಾಗಿದ್ದು ಇಲ್ಲೇ. ಮೈಕಿನ ಒಂದು ಮಗ್ಗುಲಲ್ಲಿ ಹಿಂದೆ ಏನೋ ಬಿಲ್ಲೆ ಇದ್ದು ಬಿದ್ದುಹೋಗಿತ್ತು. ಅಲ್ಲಿ ಹಳದಿ ಗೋಂದಿನ ಕಲೆ. ಟೋಕನ್ ಅಕ್ಕ ಚೊಕ್ಕಟದ ಹೆಂಗಸು. ಕಲೆಯಿದ್ದ ಮುಖವನ್ನು ಆಚೆ ತಿರುಗಿಸಿ, ಚೊಕ್ಕಟ ಮುಖವನ್ನು ತನ್ನ ಕಡೆ ಇಟ್ಟುಕೊಂಡಳು.

ಶನಿವಾರ ಬೆಳಗಿನಿಂದ ಸಂಜೆಯವರೆಗೆ ಇನ್ನೂರೂ ನಂಬರು, ಎಂಟೂ ಕೊಠಡಿ ಮುಗಿಸಿದಳು. ಹೆಡ್‌ಫೋನಿನ ಎರಡನೇ ಕಿವಿಗೆ ಇನ್ನೂ ಹೊಲಿಗೆ ಬಿದ್ದಿರಲಿಲ್ಲ, ಹಾಗಾಗಿ ಕಿವಿಗೆ ಹಾಕಲಿಲ್ಲ. ಡಬ್ಬಿಯ ಹಸಿರು ದೀಪ ಮಾತಿಗೆ ಸರಿಯಾಗಿ ಕುಣಿಯುತ್ತಿತ್ತು, ಅದನ್ನೇ ನೋಡಿಕೊಂಡಳು. ಕಷ್ಟವಾಗಿದ್ದು ಬೇರೆ. ಪ್ರತಿ ನಂಬರಿನ ಕೊನೆಗೂ 'ನಿಧಾನಕ್ಕೆ' ಅನ್ನೋದು ನಾಲಿಗೆ ತುದಿಗೆ ಬಂದು ನಿಲ್ಲುತ್ತಿತ್ತು. ಪ್ರತಿ ಸಲ ತುಟಿ ಕಚ್ಚಿ ನುಂಗುತ್ತಿದ್ದಳು. ಇನ್ನೂರು ಸಲ ನುಂಗಿದ್ದಕ್ಕೆ ರಾತ್ರಿ ಊಟವೇ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಸಾಕ್ಸಿನ ಮೆತ್ತೆ ಮುಗಿಯಿತು. ಅಡುಗೆಮನೆಯಲ್ಲಿ ಕೂತು ಕೇಳಿದಳು.

ಅವಳ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಟೋಕನ್ ಒಂದು, ಎಲ್ಲೋ ದೂರದಲ್ಲಿ. ಆಮೇಲೆ ಕಿವಿ ಪಕ್ಕದಲ್ಲೇ, ಸ್ಪಷ್ಟವಾಗಿ, ಒಂದು ಮುದಿ ದನಿ: "ನಿಧಾನಕ್ಕೆ ಬನ್ರಪ್ಪಾ."

ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿದಳು. ಯಾರೂ ಇಲ್ಲ. ಟೋಕನ್ ಎರಡು, ದೂರದಲ್ಲಿ. "ನಿಧಾನಕ್ಕೆ ಬನ್ರಪ್ಪಾ." ಅದರ ಹಿಂದೆಯೇ ಗೊಣಗಾಟ: "ಇವಳಿಗೆ ಇವತ್ತು ಏನಾಗಿದೆ, ಬಾಲಾನೇ ಮರೀತಿದ್ದಾಳೆ."

ಮೈಕಿಗೆ ಕಿವಿ ಇದ್ದದ್ದು ಗೋಂದಿನ ಕಲೆಯ ಕಡೆಗೆ. ಅದು ಇಡೀ ದಿನ ಅತ್ತೆಯನ್ನು ಕೇಳಿಸಿಕೊಂಡಿತ್ತು. ಕಿವಿ ಮಂದವಾದವರಿಗೆ ತಮ್ಮ ಗೊಣಗಾಟ ಎಷ್ಟು ಜೋರು ಅನ್ನೋದು ಗೊತ್ತಾಗಲ್ಲ. ಅವಳು ನುಂಗಿದ ಬಾಲವನ್ನೆಲ್ಲ ಅತ್ತೆ ಒಂದೂ ಬಿಡದೆ ಹೇಳಿದ್ದರು. ಇವಳು ತನ್ನ ನುಂಗಾಟದಲ್ಲಿದ್ದಳು, ಮುದುಕಿ ಏನೋ ಮಣಮಣ ಅಂದುಕೊಳ್ಳುತ್ತಿದ್ದಾರೆ ಅಂತ ಕಿವಿ ಮೇಲೆ ಹಾಕಿಕೊಂಡಿರಲಿಲ್ಲ.

ಥೂ, ಮುಳುಗಿತು ಅಂದುಕೊಂಡಳು. ಸೋಮವಾರಕ್ಕೆ ಒಂದೇ ದಿನ. ಒಂದಾದರೂ ಸರಿ ಬಂದಿದೆಯಾ ಅಂತ ಕೇಳುತ್ತಾ ಹೋಗಿ, ಕೊನೆಗೆ ಅಳಿಸಿಬಿಡೋಣ ಅಂತ ಬೆರಳು ಹೋಯಿತು. ಅಷ್ಟರಲ್ಲಿ ಟೋಕನ್ ಎಂಬತ್ತಾರು ಆಗಿ, ಅತ್ತೆಯ ದನಿ ಮತ್ತೆ ಬಂತು.

"ನಿಧಾನಕ್ಕೆ ಬನ್ರಪ್ಪಾ. ಏನು ಗಂಟಲಪ್ಪಾ ಇವಳದ್ದು. ಆ ಬೆಂಚಿನ ಮೇಲೆ ಕೂತು ಇವಳು ಕೂಗೋದು ಕೇಳ್ತಿದ್ರೆ ನನ್ನ ಮಂಡಿ ನೋವು ಅರ್ಧ ಹೋಗುತ್ತೆ. ಹೇಳಬಾರದು. ಹೇಳಿದ್ರೆ ತಲೆ ಮೇಲೆ ಹತ್ತಿ ಕೂರ್ತಾಳೆ."

ಟೋಕನ್ ಅಕ್ಕ ಅದನ್ನು ನಾಲ್ಕು ಸಲ ಕೇಳಿದಳು. ಐದನೇ ಸಲ ಕೇಳೋಕೆ ಆಗಲಿಲ್ಲ, ಕಣ್ಣು ತುಂಬಿ ಲ್ಯಾಪ್‌ಟಾಪಿನ ಗುಂಡಿ ಕಾಣಲಿಲ್ಲ. ಮೂವತ್ತೊಂದು ವರ್ಷ ಕಾದಿದ್ದಳು. ಸಂತೋಷಕ್ಕೂ ಸಿಟ್ಟಿಗೂ ಒಟ್ಟಿಗೇ ಅತ್ತಳು, ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಮೂಗು ಒರೆಸಿಕೊಂಡಳು, ಅದು ಉಳಿದ ಸಾಕ್ಸು ಅನ್ನೋದು ಆಮೇಲೆ ನೆನಪಾಯಿತು.

ಗಂಡ ನೀರು ಕುಡಿಯೋಕೆ ಬಂದ. "ಸರಿ ಬಂದಿದೆಯಾ?"

"ಉಲ್ಟಾ ಇಟ್ಟಿದ್ದೆ."

"ತಿರುಗಿಸು" ಅಂದ.

ತಿರುಗಿಸಿದಳು. ಮತ್ತೆ ಒಂದರಿಂದ.

"ಮತ್ತೆ ಯಾಕೇ?" ಅಂದರು ಅತ್ತೆ.

"ಯಂತ್ರ ಕೆಟ್ಟಿತ್ತು ಅತ್ತೆ."

"ಹಳೇ ಸಾಮಾನು ತಂದ್ರೆ ಇನ್ನೇನಾಗುತ್ತೆ? ನಾನು ಹೊರಗೆ ಹೋಗಬೇಕಾ?"

"ಬೇಡ ಅತ್ತೆ. ಇಲ್ಲೇ ಇರಿ."

ಈ ಸಲ ಅತ್ತೆಯ ಬಾಲ ಮೈಕಿಗೆ ಮುಟ್ಟಲಿಲ್ಲ. ಅವಳು ಮಾತ್ರ ಕಿವಿಗೊಟ್ಟು ಕೇಳಿದಳು, ಇನ್ನೂರಕ್ಕೆ ಇನ್ನೂರು. ಸಂಜೆ ಮುಗಿಯುವ ಹೊತ್ತಿಗೆ ಎರಡು ದಿನದಲ್ಲಿ ನಾನೂರು ಸಲ ಕೂಗಿದ ಗಂಟಲು ಕಟ್ಟಿಕೊಂಡು, ಹೊಸದೆಲ್ಲ ಚೆನ್ನಾಗಿ ಬಂದಿದೆ ಅಂತ ಗಂಡನಿಗೆ ಕೈಸನ್ನೆಯಲ್ಲೇ ಹೇಳಬೇಕಾಯಿತು.

ಸೋಮವಾರ ಕೊಟ್ಟಳು. ಸಾಹೇಬರು ಕೇಳಿ, ತಲೆಯಾಡಿಸಿ, ನಗುವವಳನ್ನು ಡಬ್ಬಿಯಿಂದ ತೆಗೆಸಿದರು. ಮಂಗಳವಾರ ಬೆಳಿಗ್ಗೆ ಟೋಕನ್ ಅಕ್ಕ ಕೆಳಗೆ ಕಡತದ ಕೋಣೆಯಲ್ಲಿ ಕೂತು, ಮೇಲಿನ ಹಾಲಿನಲ್ಲಿ ತನ್ನ ದನಿ ಶುರುವಾಗಿದ್ದು ಕೇಳಿದಳು. "ಟೋಕನ್ ಒಂದು, ಒಂದನೇ ಕೊಠಡಿ."

ಹೆಜ್ಜೆ ಸಪ್ಪಳ ಕೇಳಲಿಲ್ಲ. "ಟೋಕನ್ ಎರಡು, ಮೂರನೇ ಕೊಠಡಿ." ಆಗಲೂ ಇಲ್ಲ. "ಟೋಕನ್ ಮೂರು." ಕಾಲು ಗಂಟೆಗೆಲ್ಲ ಜವಾನ ಓಡಿ ಬಂದ. "ಅಕ್ಕಾ, ಸಾಹೇಬರು ಕರೀತಿದ್ದಾರೆ. ಯಾರೂ ಏಳ್ತಾ ಇಲ್ಲ!"

ಹಾಲಿನ ತುಂಬಾ ಜನ. ಎಲ್ಲರೂ ಚೀಟಿ ಹಿಡಿದು, ತಲೆ ಎತ್ತಿ ಸ್ಪೀಕರನ್ನೇ ನೋಡುತ್ತಾ ಕೂತಿದ್ದರು. ವೈದ್ಯರು ಬಾಗಿಲಿಂದ ಇಣುಕುತ್ತಿದ್ದರು. ಟೋಕನ್ ಒಂದು ಹಿಡಿದಿದ್ದ ಅಜ್ಜನನ್ನು ಸಾಹೇಬರು ವಿಚಾರಿಸುತ್ತಿದ್ದರು.

"ನಿಮ್ಮ ನಂಬರು ಕೂಗಿತಲ್ಲ, ಯಾಕೆ ಏಳಲಿಲ್ಲ?"

"ನಂಬರು ಕೂಗಿತು ಸಾರ್. ಬನ್ನಿ ಅನ್ನಲಿಲ್ಲವಲ್ಲ. ಕರೀದೆ ಹೆಂಗೆ ಹೋಗೋದು?"

ಹತ್ತೊಂಬತ್ತು ವರ್ಷದ ರೂಢಿ. ಸಾಹೇಬರು ಟೋಕನ್ ಅಕ್ಕನ ಕಡೆ ತಿರುಗಿ, ಕಂಪನಿ ನಿಯಮವನ್ನು ಗಂಟಲಲ್ಲೇ ಇಳಿಸಿಕೊಂಡು, "ಆ ಬಾಲ ಹೇಳಿಬಿಡಿಯಮ್ಮ, ಒಂದೇ ಸಲ ಸಾಕಂತೆ, ಕಂಪನಿಯವರು ಎಲ್ಲದಕ್ಕೂ ಅಂಟಿಸ್ತಾರಂತೆ" ಅಂದರು.

ಅವಳು ಬಾಯಿ ತೆಗೆದಳು. ಗಾಳಿ ಬಂತು, ಮಾತು ಬರಲಿಲ್ಲ. ಸಾಹೇಬರ ಮುಖ ಇಳಿಯಿತು. ಅವರ ಕೋಣೆಯಲ್ಲೇ, ನಿನ್ನೆ ಬಿಟ್ಟುಹೋಗಿದ್ದ ಹೊಲಿಗೆ ಪೆಟ್ಟಿಗೆ ಇತ್ತು. ತೆಗೆದಳು. ಒಳಗಿನ ಲ್ಯಾಪ್‌ಟಾಪಿನಲ್ಲಿ, ಅಳಿಸದೆ ಬಿಟ್ಟಿದ್ದ ಶನಿವಾರದ ರೆಕಾರ್ಡಿನಲ್ಲಿ, ಅತ್ತೆಯ ಇನ್ನೂರು ಬಾಲ ತಯಾರಿದ್ದವು. ಕೆಮ್ಮಿಲ್ಲದ್ದು, ಗೊಣಗಾಟವಿಲ್ಲದ್ದು ಹುಡುಕಿ ನೂರಹನ್ನೆರಡನೆಯದನ್ನು ಆರಿಸಿ ಕೊಟ್ಟಳು. ಎಂಬತ್ತಾರನೆಯದನ್ನು ಯಾರಿಗೂ ಕೇಳಿಸಲಿಲ್ಲ.

ಹತ್ತು ನಿಮಿಷದಲ್ಲಿ ಸ್ಪೀಕರ್ ಮತ್ತೆ ಕೂಗಿತು. ನಂಬರು ಸೊಸೆಯದ್ದು, ಬಾಲ ಅತ್ತೆಯದ್ದು. ಅಜ್ಜ ಕೋಲೂರಿ ಎದ್ದ, ನಿಧಾನಕ್ಕೆ.

ವಾರ ಕಳೆದು ಅವಳ ಗಂಟಲು ಸರಿಹೋಯಿತು. ನಿಮ್ಮದೇ ದನೀಲಿ ಬಾಲ ಹಾಕಿಬಿಡೋಣ ಅಂದರು ಸಾಹೇಬರು. "ಬೇಡ ಸಾರ್, ಇದೇ ಇರಲಿ" ಅಂದಳು.

ತಿಂಗಳ ಕೊನೆಗೆ ಅತ್ತೆಯ ಮಂಡಿಯ ಸರದಿ. ಟೋಕನ್ ನಲವತ್ತೊಂದು. ಸೊಸೆ ಕೆಳಗಿನಿಂದ ಬಂದು ಬೆಂಚಿನಲ್ಲಿ ಪಕ್ಕಕ್ಕೆ ಕೂತಳು, ಬಲಗಿವಿಯ ಕಡೆಗೆ. ಸ್ಪೀಕರ್ ಕೂಗಿತು. ಅತ್ತೆ ಏಳದೆ ಕಾದರು. "ನಿಧಾನಕ್ಕೆ ಬನ್ರಪ್ಪಾ" ಅಂದಮೇಲೆ ಹುಬ್ಬು ಗಂಟಿಕ್ಕಿದರು.

"ಯಾವ ಮುದುಕೀನೇ ಅದು?"

"ಯಾರೋ ಗೊತ್ತಿಲ್ಲ ಅತ್ತೆ."

"ಒಡಕು ಗಂಟಲು. ನಂಬರು ನೀನು ಹೇಳಿ ಬಾಲ ಯಾಕೆ ಅವಳಿಗೆ ಬಿಟ್ಟೆ? ನೀನು ಹೇಳೋ ಹಾಗೆ ಅವಳಿಗೆ ಏಳು ಜನ್ಮ ಎತ್ತಿದ್ರೂ ಬರಲ್ಲ."

ಹೇಳಿಬಿಟ್ಟೆನಲ್ಲ ಅನ್ನೋದು ಅತ್ತೆಗೆ ಆಮೇಲೆ ಹೊಳೆಯಿತು. ಮುಖ ಆಚೆ ತಿರುಗಿಸಿದರು.

"ಏನಂದ್ರಿ ಅತ್ತೆ? ಕೇಳಿಸಲಿಲ್ಲ."

"ಏನಿಲ್ಲ. ಕೈ ಕೊಡು, ಏಳ್ತೀನಿ."

ಅವಳು ಕೈ ಕೊಟ್ಟಳು. ಇಬ್ಬರೂ ಮೂರನೇ ಕೊಠಡಿಯ ಕಡೆ ನಡೆದರು, ಹಿಂದಿನಿಂದ ಸ್ಪೀಕರಿನಲ್ಲೂ ಇಬ್ಬರೂ ಸೇರಿಯೇ ಟೋಕನ್ ನಲವತ್ತೆರಡನ್ನು ಕೂಗಿದರು.