ನಗಿಸುವವಳ ಬೊಗಸೆ

ಕೆರೆಬಿಳಚಿಯ ಜಯದೇವಪ್ಪನವರಿಗೆ ಯಂತ್ರ ಸುಲಿದ ಅಡಿಕೆ ಕಣ್ಣಿಗೆ ಹಿಡಿಸದು. ಹಾಗಾಗಿ ಅವರ ಚಪ್ಪರದಲ್ಲಿ ಇವತ್ತಿಗೂ ಹೆಂಗಸರು ಕೈಯಲ್ಲೇ ಸುಲಿಯಲು ಮೆಟ್ಟುಗತ್ತಿ ಮೆಟ್ಟಿ ಸಾಲಾಗಿ ಕೂರುತ್ತಾರೆ. ಅಲ್ಲೊಂದು ಕಟ್ಟಳೆಯಿತ್ತು. ಸುಲಿದಷ್ಟೇ ಕೂಲಿಯಾದರೂ, ಸಂಜೆ ಪ್ರತಿಯೊಬ್ಬಳೂ ದಿನವಿಡೀ ಮಾತಾಡಿ ನಗಿಸುವವಳ ಬುಟ್ಟಿಗೆ ಒಂದು ಬೊಗಸೆ ಅಡಿಕೆ ಹಾಕಬೇಕು. ಒಂದು ಬಾಯಿ ಆಡಿದರೆ ಅಷ್ಟೂ ಕೈ ಓಡುತ್ತವಲ್ಲ, ಅದಕ್ಕೆ.

ಆ ಬೊಗಸೆ ವರ್ಷಗಳಿಂದ ಚೌಡಕ್ಕನದು. ಜಗಳೂರು ಕಡೆಯವಳು, ಅಡಿಕೆ ಸುಗ್ಗಿಗೆ ಗುಂಪಿನ ಜೊತೆ ಬರುವವಳು. ಜಯದೇವಪ್ಪನವರ ಮಗಳು ಮೇಘಶ್ರೀ ಅವಳ ಮಾತನ್ನು ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟ ಮೇಲಂತೂ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲೂ ಜನ ಅವಳ ಮುಖ ನೋಡಿಯೇ ನಗುತ್ತಿದ್ದರು. ಬಾಯಿ ತೆರೆಯುವ ಮೊದಲೇ! ಇಂಥ ಕೀರ್ತಿ ವೈರಿಗೂ ಬೇಡ.

ಯಾಕೆಂದರೆ ಈ ಸಲ ಚೌಡಕ್ಕನ ಒಳಗೆ ಏನೋ ಆರಿಹೋಗಿತ್ತು. ಮನೆಯಲ್ಲಿ ಸಾವಿಲ್ಲ, ಜಗಳವಿಲ್ಲ. ಗಂಡ ಕೆಂಚೇಶ್ ಒಳ್ಳೆಯವನೇ. ಆದರೂ ಬೆಳಗಾದರೆ ಎದೆಯ ಮೇಲೆ ಬೀಸುವ ಕಲ್ಲಿಟ್ಟಂತೆ. ಊಟ ಸೇರದು, ನಿದ್ದೆ ಹತ್ತದು. ಚಪ್ಪರಕ್ಕೆ ಬಂದರೆ ಮಾತ್ರ ನಾಲಿಗೆ ತನ್ನಷ್ಟಕ್ಕೆ ತಾನು ಓಡುತ್ತಿತ್ತು. ಯಾರಿಗಾದರೂ ಹೇಳದಿದ್ದರೆ ತಾನು ಉಳಿಯುವುದಿಲ್ಲವೆಂದು ಅವಳಿಗೇ ಭಯ ಹತ್ತಿತ್ತು.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೇಳಿದಳು: “ನಂಗೆ ಯಾಕೋ ಬದುಕೇ ಸಾಕಾಗೈತೆ ಕಣ್ರೇ.”

“ಸಾಯಾಕೆ ನಿಂಗೆಲ್ಲೈತೆ ಟೈಮು!” ಅಂದಳು ಒಬ್ಬಳು. ಚಪ್ಪರವೇ ಹಾರಿಹೋಗುವಂಥ ನಗು. ಚೌಡಕ್ಕನಿಗೆ ನಗುವವರ ಮುಂದೆ ಎಡವಿ ಬಿದ್ದಂತಾಯಿತು.

ಮರುದಿನ ಮತ್ತೆ ಬಾಯಿಬಿಟ್ಟಳು: “ರಾತ್ರಿ ಮಲಗಿದ್ರೆ ಬೆಳಗ್ಗೆ ಏಳೋದೇ ಬ್ಯಾಡ ಅನ್ನಿಸ್ತೈತೆ.”

“ನಮಗೂ ಹಂಗೇ ಕಣೇ ಸೋಮಾರಿ!” ಮತ್ತೆ ನಗು. ಮೇಘಶ್ರೀ ಮೊಬೈಲ್ ಎತ್ತಿಯೇಬಿಟ್ಟಳು.

ನಗದೆ ಕೂತವಳು ಕೆಂಪಕ್ಕ ಒಬ್ಬಳೇ. ಪಾಪ, ಅವಳಿಗೆ ತಮಾಷೆಯೆಂಬುದೇ ತಿಳಿಯದು. ಎಲ್ಲರೂ ನಕ್ಕು ಮುಗಿಸಿದ ಮೇಲೆ “ಆಮೇಲೇನಾತು?” ಎಂದು ಕೇಳಿ ಬೈಸಿಕೊಳ್ಳುವವಳು. ಹೇಳಿದ್ದನ್ನು ಹೇಳಿದಷ್ಟೇ ನಂಬುವ ಜೀವ. ಅವಳು ಕತ್ತಿಯಿಂದ ಕಾಲು ತೆಗೆದು, ಕೈ ಒರೆಸಿಕೊಂಡು ಕೇಳಿದಳು: “ಯಾಕೆ ಚೌಡಿ? ಏಳೋದು ಯಾಕೆ ಬ್ಯಾಡ?”

ನಗಿಸುವಂಥ ಉತ್ತರ ಚೌಡಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡಳು. “ಗೊತ್ತಿಲ್ಲ ಕೆಂಪಕ್ಕ,” ಅಂದವಳೇ ಅಡಿಕೆಯ ಕಲೆ ಹಿಡಿದ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ನಕ್ಕವರೆಲ್ಲ ಕತ್ತಿ ಬಿಟ್ಟೆದ್ದು ಅವಳನ್ನು ಸುತ್ತುವರಿದರು. ಮೇಘಶ್ರೀ ಹಿಡಿದದ್ದನ್ನು ಅಳಿಸಿ, ಸ್ಕೂಟರ್ ತೆಗೆದು ಅವಳನ್ನು ಚನ್ನಗಿರಿಯ ಡಾಕ್ಟರ ಹತ್ತಿರ ಕರೆದೊಯ್ದಳು. “ಶುಗರ್, ಬಿಪಿ ಇದ್ದಂಗೆ ಇದೂ ಒಂದು ಕಾಯಿಲೆನೇ ಕಣಮ್ಮ, ವಾಸಿಯಾಗ್ತದೆ. ಮಾತ್ರೆ ಹಿಡಿಯಾಕೆ ಒಂದಷ್ಟು ವಾರ ಬೇಕು. ಅಲ್ಲೀತನ ಒತ್ತಾಯಕ್ಕೆ ನಗಬ್ಯಾಡ, ಯಾರನ್ನೂ ನಗಿಸಬ್ಯಾಡ,” ಅಂದರು ಡಾಕ್ಟರು.

ನಗಿಸಬೇಡ ಅಂದದ್ದೇ ಅವಳಿಗೆ ಅರ್ಧ ಮದ್ದಾಯಿತು. ಮರುದಿನವಿಡೀ ಮೂಕಿಯಂತೆ ಸುಲಿದಳು. ಸಂಜೆಯಾಯಿತು. ಇನ್ನು ತನ್ನದೇನು ಬೊಗಸೆ ಎಂದು ತಲೆ ತಗ್ಗಿಸಿದಳು. ಕೆಂಪಕ್ಕ ಎದ್ದು ಬಂದು ಅವಳ ಬುಟ್ಟಿಗೆ ಬೊಗಸೆ ತುಂಬ ಅಡಿಕೆ ಸುರಿದಳು.

“ನಾನು ಇವತ್ತು ನಗಿಸ್ಲಿಲ್ಲ.”

“ಬಂದು ಕೂತೆಯಲ್ಲ, ಸಾಕು,” ಅಂದಳು ಕೆಂಪಕ್ಕ. ಅವಳ ಹಿಂದೆ ಉಳಿದವರು ಸಾಲುಗಟ್ಟಿದರು. ದಿನಾ ಸಂಜೆ ಅದೇ ಸಾಲು.

ಇಲ್ಲಿಯ ಕೆಲಸ ಮುಗಿಸಿ ಗುಂಪು ನ್ಯಾಮತಿ ಕಡೆ ಗೋವಿನಕೋವಿಗೆ ಸುಲಿಯಲು ಹೋಗುವ ಹೊತ್ತಿಗೆ ಚೌಡಕ್ಕನಿಗೆ ನಿದ್ದೆ ಹತ್ತುತ್ತಿತ್ತು, ರೊಟ್ಟಿ ರುಚಿಸುತ್ತಿತ್ತು. ಮಾತ್ರೆ ನಡೆದೇ ಇತ್ತು. ಅಲ್ಲಿ ಒಂದು ಮಧ್ಯಾಹ್ನ ಕೆಂಪಕ್ಕ ಗಂಟಲು ಸರಿಮಾಡಿಕೊಂಡಳು. “ಚೌಡಿ ಸುಮ್ಕಿದ್ದಾಳೆ, ನಾನೇ ಹೇಳ್ತೀನಿ ಕೇಳ್ರಿ. ಒಬ್ಬ ಅಳಿಯ ಇದ್ದ. ಮಾವನ ಮನೇಲಿ ಹೋಳಿಗೆ ಕದ್ದ. ಸಿಕ್ಕಿಬಿದ್ದ.”

ಎಲ್ಲರೂ ಕಾದರು. ಕೆಂಪಕ್ಕ ತಲೆ ಕೆರೆದುಕೊಂಡಳು. ಕಡೆಗೆ ಚೌಡಕ್ಕನ ಕಡೆ ತಿರುಗಿ ಕೇಳಿದಳು: “ಆಮೇಲೇನಾತು?”

ಚೌಡಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಇಷ್ಟು ವರ್ಷ ಊರಿಗೆಲ್ಲ ಹಂಚಿದ ನಗು ಇವತ್ತು ಅವಳ ಪಾಲಿಗೂ ಬಂದಿತ್ತು. ಎದ್ದವಳೇ ತನ್ನ ಬುಟ್ಟಿಗೆ ಎರಡೂ ಕೈ ಹಾಕಿ, ತುಂಬಿದ ಬೊಗಸೆಯನ್ನು ಕೆಂಪಕ್ಕನ ಬುಟ್ಟಿಗೆ ಸುರಿದಳು.

“ತಗಾ, ಇವತ್ತಿನ ಬೊಗಸೆ ನಿಂದು!”